ಕಾಕಾ ಆರಿಸಿಕೊಟ್ಟ ಬೈಕು

ಮೊನ್ನೆ ಹೊಸಪೇಟೆಯಲ್ಲಿ ಒಂದು ಗ್ರಿಲ್ ಅಂಗಡಿಯ ಮುಂದೆ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಹಸಿ ಬಣ್ಣದ ಘಾಟು ಮೂಗಿಗೆ ಬಡಿದದ್ದೇ ರಸ್ತೆಯ ಆಚೆ ಬದಿಗೆ ದಾಟಿಬಿಟ್ಟೆ. ಕೆಲವು ವರ್ಷಗಳ ಹಿಂದೆ ನಾನು ಕೊಂಡ ಹಳೆಯ ಬೈಕಿನ ಟ್ಯಾಂಕೂ ಹೀಗೇ ನಾರುತ್ತಿತ್ತು. ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಪಕ್ಕದ ಮನೆಯ ಕಾಕಾ...

ಆಗಷ್ಟೇ ಕುರೆಕುಪ್ಪದ ಒಂದು ದವಾಖಾನೆಯಲ್ಲಿ ನರ್ಸ್ ಆಗಿ ಸೇರಿದ್ದೆ. ಕಮಲಾಪುರದಿಂದ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಬೆಳಗಿನ ಪಾಳಿ ಶುರುವಾಗಿರುತ್ತಿತ್ತು. ಗಣಿ ಲಾರಿಗಳು ಕೆಡಿಸಿದ ಆ ರಸ್ತೆಗೆ ಸ್ಕೂಟಿ ಸಾಲದು, ದೊಡ್ಡ ಗಾಲಿಯ ಬೈಕೇ ಬೇಕು ಎಂದು ಹಟ ಹಿಡಿದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಎಲ್ಲದಕ್ಕೂ ಕಾಕಾನೇ ಮುಂದೆ. ಗೇರು ಬದಲಿಸುವುದನ್ನು ಕಲಿಸಿದವನೂ ಅವನೇ. ಬೈಕು ಆರಿಸುವುದನ್ನೂ ಅವ್ವ ಅವನ ಕೈಗೇ ಒಪ್ಪಿಸಿದಳು.

ಅವನು ನನ್ನನ್ನು ಕಂಪ್ಲಿಗೆ ಕರೆದೊಯ್ದ. ಬೈಕಿನ ಮಾಲೀಕ ನಡುವಯಸ್ಸಿನ ಸಣಕಲು ಮನುಷ್ಯ. ಕಾಕಾ ಅವನನ್ನು ಗುರುತು ಪರಿಚಯ ಇಲ್ಲದವನಂತೆ ಮಾತಾಡಿಸಿದ. ಒಂದು ಸುತ್ತು ಓಡಿಸಿ ನೋಡಿದೆ. ಹ್ಯಾಂಡಲ್ ಎಡಕ್ಕೆ ಎಳೆಯುತ್ತಿತ್ತು. ಕಾಕಾನಿಗೆ ಹೇಳಿದೆ.

"ಹೊಸದಾಗಿ ಕಲತವ್ರಿಗೆ ಎಲ್ಲಾ ಗಾಡೀನೂ ಹಂಗ ಅನಸ್ತೈತವ್ವ. ಕೈ ಕುಂದ್ರಲಿ, ಸರಿಹೋಗ್ತೈತಿ," ಎಂದ.

ಮೆಕ್ಯಾನಿಕ್‌ಗೆ ತೋರಿಸೋಣ ಎಂದೆ. ಅವನ ಮುಖ ಗಂಟಾಯಿತು. "ನನ್ ಮ್ಯಾಲ ನಂಬಿಕಿಲ್ಲಂದ್ರ ಬಿಡು." ಹಣ ಎಣಿಸಿ ಕೊಟ್ಟೆ.

ಕೆಲವೇ ದಿನ. ಪಾಪಿನಾಯಕನಹಳ್ಳಿಯ ಹತ್ತಿರ ಎದುರಿನ ಲಾರಿಗೆ ಹೆದರಿ ಬ್ರೇಕ್ ಹಿಡಿದೆ. ಬೈಕು ಎಡಕ್ಕೆ ಜಗ್ಗಿಕೊಂಡು ಹೋಗಿ ಕಲ್ಲಿಗೆ ಬಡಿಯಿತು. ನನ್ನ ಮೊಣಕಾಲ ಚಿಪ್ಪು ಒಡೆಯಿತು. ನೋಡಲು ಬಂದ ಕಾಕಾ ಎಲ್ಲರೆದುರು, "ಬ್ರೇಕ್ ಹಿಡಿಯಾಕ ಬರಂಗಿಲ್ಲ, ಹುಡುಗಿಗೆ ಅವಸರ ಭಾಳ" ಎಂದ. ಅವ್ವ ತಲೆಯಾಡಿಸಿದಳು. ನಾನೂ ನಂಬಿದೆ. ಹಾಸಿಗೆಯಲ್ಲಿ ಮಲಗಿ ಆ ಬ್ರೇಕನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹಿಡಿಯುತ್ತಿದ್ದೆ, ಎಲ್ಲಿ ತಪ್ಪಿದೆ ಎಂದು...

ಕಾಕಾನ ಮಗಳ ನಿಶ್ಚಿತಾರ್ಥಕ್ಕೆ ಊರುಗೋಲು ಹಿಡಿದೇ ಹೋದೆ. ವರನ ತಂದೆಯ ಜಾಗದಲ್ಲಿ ಕುಳಿತಿದ್ದವನು ಕಂಪ್ಲಿಯ ಅದೇ ಸಣಕಲು ಮನುಷ್ಯ. ವರನ ಹಣೆಯ ಮೇಲೆ ಹೊಲಿಗೆಯ ಗುರುತು. ನನ್ನ ಕಾಲು ನೋಡಿ ಕನಿಕರಪಟ್ಟ ಮದುಮಗಳು ಕಿವಿಯಲ್ಲಿ ಹೇಳಿದಳು: "ಇವ್ರೂ ಹಿಂಗ ಬಿದ್ದಿದ್ರಕ್ಕಾ. ಲಾರಿಗೆ ಹೊಡದು ಗಾಡಿ ಮುಂದಿಂದೆಲ್ಲ ಮಡಚಿತ್ತಂತ. ನಮ್ಮಪ್ಪಾನೇ ಅದಕ್ಕ ಬಣ್ಣ ಹೊಡಿಸಿ ಯಾರಿಗೋ ಮಾರಿಸಿಕೊಟ್ಟ."

ಆ ಯಾರೋ ನಾನು ಎಂದು ಅವಳಿಗೆ ಗೊತ್ತಿರಲಿಲ್ಲ.

ಕಾಕಾನನ್ನು ಹಿತ್ತಲಿಗೆ ಕರೆದು ಕೇಳಿದೆ. "ಗೊತ್ತಿದ್ದೂ ನನಗ ಕೊಡಿಸಿದ್ಯಾ?"

ಅವನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. "ಬೀಗರ ಕೆಲಸ, ಇಲ್ಲ ಅನ್ನಾಕ ಬರ್ತಿತ್ತೇನು? ಜೀವಕ್ಕೇನೂ ಆಗಲಿಲ್ಲಲ್ಲ. ಈಗ ಬಾಯಿ ಬಿಟ್ಟು ನನ್ ಮರ್ಯಾದಿ ತೆಗೀಬ್ಯಾಡ."

ಮಂದಿಯ ನಡುವೆ ಹೋಗಿ ಕೂಗಬೇಕೆನ್ನಿಸಿತು. ಒಳಗೆ ಆ ಹುಡುಗಿ ನಗುತ್ತ ಕುಳಿತಿದ್ದಳು. ಅವಳಿಗಾಗಿ ನುಂಗಿಕೊಂಡೆ, ಅವನಿಗಾಗಿ ಅಲ್ಲ. ಆದರೆ ಮರುದಿನ ಅವನು ಕಾಂಪೌಂಡ್ ಆಚೆಯಿಂದ ಎಂದಿನಂತೆ "ಚಾ ಆತೇನವ್ವ?" ಎಂದ. ಉತ್ತರ ಕೊಡಲಿಲ್ಲ. ಆಮೇಲೆ ಎಂದೂ ಕೊಡಲಿಲ್ಲ. ಬೈಕನ್ನು ಗುಜರಿಗೆ ಹಾಕಿದೆ. ಮತ್ತೆ ಯಾವ ಬೈಕನ್ನೂ ಹತ್ತಲಿಲ್ಲ.

ಈ ಬೇಸಿಗೆಯಲ್ಲಿ ಅವನು ಸತ್ತ. ಒಮ್ಮೆ ಮುಖ ನೋಡಿ ಬಾ ಎಂದು ಅವ್ವ ಎಷ್ಟು ಬೇಡಿಕೊಂಡರೂ ನಾನು ಡ್ಯೂಟಿಗೆ ಹೋದೆ. ಸಂಜೆ ಅವನ ಮಗಳೇ ನಮ್ಮ ಬಾಗಿಲಿಗೆ ಬಂದು ನನ್ನನ್ನು ಅಪ್ಪಿಕೊಂಡು ಅತ್ತಳು. "ಅಪ್ಪ ನಿನ್ನ ಭಾಳ ನೆನಸ್ತಿದ್ದ, ಅಕ್ಕಾ."

ಅವಳ ಬೆನ್ನು ಸವರಿದೆ. ನಾನೂ ಒಬ್ಬ ಕಾಕಾನನ್ನು ಕಳೆದುಕೊಂಡಿದ್ದೆ. ಅವಳಂತೆ ಅತ್ತು ಹಗುರಾಗುವ ದಾರಿಯನ್ನೂ ಅವನು ನನಗೆ ಉಳಿಸಿರಲಿಲ್ಲ...