ಕದರಪ್ಪನ ಹಿತ್ತಾಳೆ ಚಿಪ್ಪುಗಳು

ಬಂದೂಕು ಹೆಗಲಿಗೇರಿಸಿ ಮಡಕಶಿರದ ಸಂತೆಯಲ್ಲಿ ಮೀಸೆ ತಿರುವುವುದೊಂದು ಬಿಟ್ಟರೆ ಕದರಪ್ಪನಿಗೆ ಬೇರೇನೂ ಬಾರದು ಎಂದು ಅವನ ಹೆಂಡತಿ ಕಾಟಮ್ಮ ಬೀದಿಗೆ ಕೇಳುವಂತೆಯೇ ಹೇಳುತ್ತಿದ್ದಳು. ಸುಳ್ಳೇನಲ್ಲ. ಗುಡಿಬಂಡೆ ಕಡೆಯ ದೊಡ್ಡತಿಮ್ಮಪ್ಪ ಗೌಡರ ಬಂದೂಕು ಒರೆಸಿ, ಕಾಡತೂಸು ತುಂಬಿಕೊಡುವುದು ಅವನ ಚಾಕರಿ. ಅದಕ್ಕಾಗಿ ಗೌಡರು ಕೆರೆ ಹಿಂದಿನ ಹೊಲ ಬಿಟ್ಟುಕೊಟ್ಟಿದ್ದರು. ಅಲ್ಲಿ ಬಿತ್ತಿದವಳು, ಕಳೆ ಕಿತ್ತವಳು, ಊರು ನಕ್ಕರೂ ನೇಗಿಲು ಹಿಡಿದವಳು ಕಾಟಮ್ಮ. ಈ ಮಹಾರಾಯ ಬದುವಿನ ಮೇಲೆ ನಿಂತು ಹಕ್ಕಿ ಓಡಿಸಿದ್ದೂ ಇಲ್ಲ. ಚಾಕರಿ ಹೋದರೆ ಹೊಲ ಹೋಯಿತು, ಮಕ್ಕಳ ಮುದ್ದೆ ಹೋಯಿತು. ಅವಳ ಭಯವೆಲ್ಲ ಅದೇ.

ಬಂದೂಕು ಸೀಮೆಗೆ ವಾಪಸು ಹೊರಟ ಯಾರೋ ಬಿಳಿ ದೊರೆಯಿಂದ ಕೊಂಡದ್ದು. ಅದರ ಅಳತೆಯ ಕಾಡತೂಸು ಸಿಗುವುದು ಎಂದೋ ನಿಂತಿತ್ತು. ಬೇರೆ ಜಾತಿಯ, ಕೊಂಚ ಸಣಕಲು ಕಾಡತೂಸಿನ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಮದರಾಸಿನಿಂದ ತರಿಸಿ ಒಗ್ಗಿಸಿಕೊಳ್ಳಬೇಕಿತ್ತು. ಚಿಪ್ಪಿನ ಕಂಠ ಕೆಂಡದಲ್ಲಿ ಕಾಯಿಸಿ, ನೀರಿಗದ್ದಿ ಮೆದು ಮಾಡಬೇಕು. ಆಮೇಲೆ ಗುಂಡು ಹಾಕದೆ ಒಂದಿಷ್ಟು ಮದ್ದು, ಮೇಲೆ ರಾಗಿ ತರಿ ತುಂಬಿ, ಬಾಯಿಗೆ ಮೇಣ ಮೆತ್ತಿ, ಅದೇ ಬಂದೂಕಿನಲ್ಲಿ ಹಾರಿಸಬೇಕು. ರಭಸಕ್ಕೆ ಹಿತ್ತಾಳೆ ಉಬ್ಬಿ, ಆ ಬಂದೂಕಿನಲ್ಲಿ ಕಾಡತೂಸು ಕೂರುವ ಗೂಡಿನ ಆಕಾರಕ್ಕೇ ಬರುತ್ತದೆ. ಅದಕ್ಕೆ ಮತ್ತೆ ಮದ್ದು, ಗುಂಡು ತುಂಬಿದರೆ ಕಾಡತೂಸು ಸಿದ್ಧ. ಕಾಯಿಸುವುದು ಕಾಟಮ್ಮ, ತರಿ ಅವಳ ಬೀಸುಕಲ್ಲಿನದು. ಢಂ ಅನ್ನಿಸಿ ಊರವರತ್ತ ತಿರುಗಿ ನೋಡುವುದಷ್ಟೇ ಇವನ ಕೆಲಸ.

ನವರಾತ್ರಿಯ ಪಾಡ್ಯಕ್ಕೆ ಬಂದೂಕು ದೇವರಮನೆಯಲ್ಲಿ ಕೂತರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ದಶಮಿಯಂದು ಬನ್ನಿ ಮರದ ಹತ್ತಿರ ನೆಟ್ಟ ಬಾಳೆಕಂಬಕ್ಕೆ ಗೌಡರು ಗುಂಡು ಹೊಡೆಯಬೇಕು. ಆ ವರ್ಷ ಕದರಪ್ಪ ಚಿಪ್ಪಿನ ಕೆಲಸ ನಾಳೆ, ನಾಡಿದ್ದು ಎಂದು ತಳ್ಳಿ, ಸಂತೆಯಲ್ಲಿ ಇಲ್ಲದ ಚಿರತೆಗಳನ್ನು ಕೊಲ್ಲುತ್ತ ಕೂತ. ಬಂದೂಕು ಪೂಜೆಗೆ ಕೂತ ಮೇಲೆ ಎಚ್ಚರವಾಯಿತು. ಚಿಪ್ಪು, ತರಿ ಕಟ್ಟಿಕೊಂಡು ಪಕ್ಕದೂರು ರೊಳ್ಳಕ್ಕೆ ಓಡಿದ. ಅಲ್ಲಿ ಸೌದೆ ಕಂಟ್ರಾಕ್ಟರ್ ಸಾಹೇಬರ ಹತ್ತಿರ ಅಂಥದ್ದೇ ಬಂದೂಕಿತ್ತು.

"ಗೌಡ್ರ ಬಂದೂಕು ಪೂಜೇಲೈತಲ್ಲ, ಎಲ್ಲಿ ಹಾರಿಸ್ಕಂಡ್ ಬಂದೆ?" ಎಂದಳು ಕಾಟಮ್ಮ.

"ರೊಳ್ಳದಾಗೆ. ಎರಡೂ ಒಂದೇ ಕಾರ್ಖಾನೇವು. ನಿಂಗೇನ್ ಗೊತ್ತೈತೆ, ಮುದ್ದೆ ತಿರುವು."

ಸಾಹೇಬರ ಬಂದೂಕಿನ ಗೂಡು ಸವೆದು ಅಗಲವಾಗಿತ್ತು. ಹಾಗೆಯೇ ಉಬ್ಬಿದ ಚಿಪ್ಪು ಗೌಡರ ಬಂದೂಕಿಗೆ ಹೋದೀತೇ? ಮುಟ್ಟಿ ಅಳೆದು ನೋಡೋಣವೆಂದರೆ ಬಂದೂಕು ಪೂಜೆಯ ಹೂವಿನಡಿ ಕೂತಿತ್ತು.

ದಶಮಿಯಂದು ಊರೆಲ್ಲ ಸೇರಿದೆ, ಗೌಡರು ಹೊಸ ಪೇಟ ಸುತ್ತಿ ನಿಂತಿದ್ದಾರೆ. ಕಾಡತೂಸು ಅರ್ಧ ಹೋಗಿ ಕಚ್ಚಿಕೊಂಡಿತು. ಇನ್ನೊಂದು ತೆಗೆದರು, ಅದೂ ಹಾಗೆಯೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೌಡರ ಮುಖ ಕೆಂಪಾಯಿತು.

"ಏನೋ ಇದು? ನಾಳೆಯಿಂದ ಹೊಲದಾಗೆ ಕಾಲಿಟ್ಟೀಯ, ಹುಷಾರ್."

ಕದರಪ್ಪನ ಮೀಸೆ ಇಳಿದುಹೋಯಿತು. ಸುತ್ತ ನೋಡಿದ, ಹೆಂಡತಿಯತ್ತ ಬೆರಳು ತೋರಿದ. "ನಂದೇನೂ ಇಲ್ಲ ಸ್ವಾಮಿ. ಇವ್ಳು ಒಲೇಲಿ ಅತಿಯಾಗಿ ಕಾಯಿಸಿ ಉಬ್ಬಿಸವ್ಳೆ."

ಥೂ, ಇವನ ಜನ್ಮಕ್ಕಿಷ್ಟು! ರೊಳ್ಳದ ಮಾತು ಕಾಟಮ್ಮನ ನಾಲಿಗೆಯ ತುದಿಗೆ ಬಂತು. ಆಡಿದರೆ ಇವನ ಮಾನದ ಜೊತೆಗೆ ಹೊಲವೂ ಹೋಗುತ್ತದೆ. ಮಾತು ನುಂಗಿಕೊಂಡಳು.

"ಹೌದು ಸ್ವಾಮಿ, ನನ್ ಕೈಲಿ ತಪ್ಪಾತು," ಎಂದಳು.

"ಹೆಂಗಸ್ರ ಕೈಗೆ ಕೊಟ್ರೆ ಹಿಂಗೇ," ಎಂದು ಗೌಡರು ಉಗಿದರು. ಊರು ಹೋ ಎಂದು ನಕ್ಕಿತು. ಹೊಲದ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಕದರಪ್ಪ ಜಗಲಿಯಲ್ಲಿ ಕಾಲು ಚಾಚಿ, "ನೋಡ್ದಾ, ಹೊಲ ಹೆಂಗ್ ಉಳಿಸ್ದೆ?" ಎಂದ. ನಾಚಿಕೆ ಎಂಬುದು ಆ ದೇಹದಲ್ಲಿ ಎಲ್ಲೂ ಇರಲಿಲ್ಲ.

ಕಾಟಮ್ಮ ನೇಗಿಲು ತಂದು ಅವನ ಮುಂದಿಟ್ಟಳು. "ಉಳಿಸಿದ್ದು ನಾನು. ಹುರುಳಿಗೆ ಹೊಲ ಹಸನಾಗ್ಬೇಕು, ಬೆಳಗ್ಗೆ ಹೋಗಿ ಉಳು. ಇಲ್ಲಾಂದ್ರೆ ರೊಳ್ಳದ ಸುದ್ದಿ ಗೌಡ್ರಿಗೆ ನಾನೇ ಹೇಳ್ತೀನಿ."

"ಹೇಳಿದ್ರೆ ಹೊಲ ನಿಂದೂ ಹೋಗ್ತೈತೆ."

"ಹೋಗ್ಲಿ. ನಾನು ಕೂಲಿ ಮಾಡಿ ತಿಂತೀನಿ. ನಿನ್ ಮೀಸೆಗೆ ಯಾರ್ ಕೂಲಿ ಕೊಡ್ತಾರೆ?"

ಬೆಳಗ್ಗೆ ಊರೆಲ್ಲ ನೋಡುತ್ತಿರುವಂತೆ ಕದರಪ್ಪ ಎತ್ತು ಹೊಡೆದುಕೊಂಡು ಹೋದ. ಮೊದಲ ಸಾಲೇ ಸೊಟ್ಟ ಹೊಡೆದ. ಕಾಟಮ್ಮ ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು, ಮತ್ತೆ ಮೊದಲಿಂದ ಹೊಡೆ ಎಂದಳು.