ಮಗಳೆಂಬ ರುಜುವಾತು

ನಾರಾಯಣಪೇಟೆಯ ನಮ್ಮ ಅಪ್ಪನ ಮನೆಯನ್ನು ಅಣ್ಣ ಮಾರಲು ಹೊರಟಾಗ, ಆ ಮನೆಯಲ್ಲಿ ನಾನು ಹುಟ್ಟಿಯೇ ಇರಲಿಲ್ಲ. ಕಾಗದದಲ್ಲಿ ಹಾಗಿತ್ತು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ, ವಾರಸುದಾರರ ಅರ್ಜಿಯಲ್ಲಿ ಅಣ್ಣ ತನ್ನ ಹೆಸರೊಂದನ್ನೇ ಬರೆದ. ಅಲ್ಲಿಗೆ ಕುಟುಂಬ ಮುಗಿಯಿತು. ಮೋಸ ಮಾಡುವಷ್ಟು ಬುದ್ಧಿ ಅವನಿಗಿಲ್ಲ. ಮದುವೆಯಾದ ಹುಡುಗಿಯ ಹೆಸರನ್ನು ಕೈಯ ಮದರಂಗಿ ಮಾಸುವ ಮೊದಲೇ ರೇಷನ್ ಕಾರ್ಡಿನಿಂದ ತೆಗೆಸುವುದು ನಮ್ಮವರ ರೂಢಿ. ಅವನು ಆ ಕಾರ್ಡು ನೋಡಿಯೇ ಅರ್ಜಿ ತುಂಬಿದ್ದ.

ಕೊಳ್ಳಲು ಬಂದವರು ಗದ್ವಾಲದ ಸೀರೆ ವ್ಯಾಪಾರಿ. ಅವರ ವಕೀಲರು ಓಣಿಯಲ್ಲಿ ವಿಚಾರಿಸಿದಾಗ, ಮಕ್ತಲ್‌ಗೆ ಕೊಟ್ಟ ಮಗಳೊಬ್ಬಳಿದ್ದಾಳೆಂದು ಯಾರೋ ಬಾಯಿಬಿಟ್ಟರು. ಮಗಳ ಸಹಿಯಿಲ್ಲದ ಮನೆ ಬೇಡ ಎಂದರು ವ್ಯಾಪಾರಿ. ಪಂಚಮಿ ಹಬ್ಬಕ್ಕೆ ತವರಿಗೆ ಕರೆಯಲು ವರ್ಷಗಳಿಂದ ಪುರಸೊತ್ತಿಲ್ಲದ ಅಣ್ಣ, ಅಂದೇ ಸಂಜೆ ಬಾಳೆಹಣ್ಣು ಹಿಡಿದುಕೊಂಡು ಮಕ್ತಲ್‌ಗೆ ಬಂದ.

"ತಂಗೀ, ಒಂದ್ ಸಹಿ ಅಷ್ಟ. ನನಗೇನೂ ಬ್ಯಾಡ ಅಂತ ಬರಕೊಟ್ರ ಆತು."

"ಕೊಡ್ತೀನಿ ತಗೋ ಅಣ್ಣಾ," ಎಂದೆ. ನನಗೆ ಆ ಮನೆ ಬೇಕಿರಲಿಲ್ಲ, ನಿಜ. ಬಂದನಲ್ಲ ಎಂಬ ಖುಷಿಯೇ ಸಾಕಾಗಿತ್ತು.

ಆದರೆ ಬೇಡ ಎನ್ನಬೇಕಾದರೆ ಮೊದಲು ಅದು ನನ್ನದಾಗಬೇಕಂತೆ. ನಾನು ಅಪ್ಪನ ಮಗಳೆಂದು ರುಜುವಾತಾಗಬೇಕು, ಆಮೇಲೆ ಹಕ್ಕು ಬಿಡಬಹುದು. ಆಧಾರ್ ಕಾರ್ಡಿನಲ್ಲಿದ್ದದ್ದು ಗಂಡನ ಹೆಸರು. ಕಚೇರಿಯವರು ಶಾಲೆಯ ಕಾಗದ ಕೇಳಿದರು. ನಾನು ಅಪ್ಪನ ಮಗ್ಗದ ಕುಣಿಯ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತಿ ಬೆಳೆದವಳು, ಶಾಲೆಗೆ ನೆಂಟಳ ಹಾಗೆ ಹೋಗಿಬಂದವಳು. ನನ್ನನ್ನು ಮಗಳಾಗಿಸಲು ಅಣ್ಣ ತಹಸೀಲ್ ಕಚೇರಿಗೆ ಚಪ್ಪಲಿ ಸವೆಸಿದ. ನನಗೆ ವರ ಹುಡುಕುವಾಗಲೂ ಅವನು ಇಷ್ಟು ಅಲೆದಿರಲಿಲ್ಲ.

ಕೊನೆಗೆ ಕಂದಾಯ ಇಲಾಖೆಯ ಗಿರ್ದಾವರ ಸಾಹೇಬರು ಓಣಿಗೇ ಬಂದು ಪಂಚನಾಮೆಗೆ ಕೂತರು. ನನ್ನನ್ನು ನಡುವೆ ನಿಲ್ಲಿಸಿ, ಇವಳು ಯಾರ ಮಗಳು ಎಂದು ನೆರೆದವರನ್ನು ಕೇಳಿದರು. ಎದುರುಮನೆಯ ಆಯಿ ಎದ್ದು ಬಂದು ನನ್ನ ಗದ್ದ ಹಿಡಿದು ನೋಡಿದಳು.

"ಇಕೀನಾ? ಓಣ್ಯಾಗ ನೂಲಿನ ಹಾಸು ಚಾಚಿ ಗಂಜಿ ಹಚ್ಚುವಾಗ ಇಕಿ ಅಪ್ಪ ಆ ತುದಿಗೆ, ಇಕಿ ಈ ತುದಿಗೆ ನಿಂದರ್ತಿದ್ರು ರೀ. ಇಕಿ ಅಣ್ಣ ಎಲ್ಲಿರ್ತಿದ್ನೋ ಯಾರಿಗ್ಗೊತ್ತು!"

ಅಣ್ಣ ನೆಲ ನೋಡಿದ. ನನಗೆ ಗಂಜಿಯ ವಾಸನೆ, ಬಿಗಿಯಾಗಿ ಹಿಡಿ ಎಂದು ಆ ತುದಿಯಿಂದ ಕೂಗುವ ಅಪ್ಪ, ಎಲ್ಲ ಒಮ್ಮೆಲೇ ನೆನಪಾಯಿತು. ಇಂಥವರ ಮಗಳು ಎಂದು ಸರ್ಕಾರ ಮೊಹರು ಒತ್ತಿ ಕೊಟ್ಟಾಗ, ಆ ಕಾಗದವನ್ನು ಗಂಡನಿಗೂ ಅತ್ತೆಗೂ, ಅವರು ಕೇಳದಿದ್ದರೂ, ತೋರಿಸಿದೆ.

ಅದೇ ವಾರ ಹಕ್ಕು ಬಿಡುವ ಪತ್ರ ಸಿದ್ಧವಾಯಿತು. ಬರಿ ಉಡಿಯಲ್ಲಿ ಮಗಳನ್ನು ಕಳಿಸಬಾರದೆಂದು ಅಣ್ಣ ರಿಜಿಸ್ಟ್ರಿ ಕಚೇರಿಗೇ ಅಕ್ಕಿ, ಕೊಬ್ಬರಿ, ಸೀರೆ ತಂದಿದ್ದ. ನಾರಾಯಣಪೇಟೆಯ ನೇಕಾರರ ಮಗ ತಂದದ್ದು ಸೂರತ್ತಿನ ಮಿಲ್ಲಿನ ಸೀರೆ.

ಮನಸಾರೆ ಬಿಟ್ಟುಕೊಡುತ್ತೀಯೇನಮ್ಮ ಎಂದು ರಿಜಿಸ್ಟ್ರಿ ಸಾಹೇಬರು ನಮ್ಮ ಕಡೆಯ ಕಚೇರಿ ಭಾಷೆಯಾದ ತೆಲುಗಿನಲ್ಲಿ ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ, ಎಲ್ಲರೂ ಹೂಂ ಎನ್ನುತ್ತಾರೆ. ನಾನೂ ಬಾಯಿ ತೆರೆದೆ, ಹೂಂ ಬರಲಿಲ್ಲ.

"ಏನಾತು ತಂಗೀ? ಮನಿ ಬೇಕೇನು?" ಅಣ್ಣನ ಮುಖ ಬಿಳುಚಿಕೊಂಡಿತು.

"ಮನಿ ಬ್ಯಾಡೋ ಅಣ್ಣಾ. ನಾ ಮಗಳಾಗಿ ಇನ್ನಾ ಒಂದ್ ವಾರ ಆಗಿಲ್ಲ. ಪಂಚಮಿಗಿ ಆ ಮನಿಗೇ ಕರಿ. ಉಂಡು, ಜೋಕಾಲಿ ಆಡಿ, ಆಮ್ಯಾಲ ಸಹಿ ಮಾಡ್ತೀನಿ."