ಚಿಲಕದಮ್ಮನ ಪೂರ್ತಿ ಪಟ್ಟಿ

ನಮ್ಮ ನಲ್ಲಿ-ಪೈಪುಗಳ ಸಗಟು ಅಂಗಡಿಯಲ್ಲಿ ಏಸಿ ಇರುವುದು ಒಂದೇ ಕೋಣೆಗೆ. ಅದು ನನ್ನದಲ್ಲ, ನನ್ನ ತಮ್ಮನದೂ ಅಲ್ಲ. ಮೆಟ್ಟಿಲ ಕೆಳಗಿನ ಗೂಡು. ಅಲ್ಲಿ ಅಂಗಡಿಯ ಕಡತಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಸರ್ವರ್ ತಣ್ಣಗೆ ಕೂತು ಗುಂಯ್‌ಗುಡುತ್ತದೆ. ಪಕ್ಕದಲ್ಲಿ, ಗಂಡನ ಹಳೆಯ ಸ್ವೆಟರ್ ತೊಟ್ಟು, ಚಿಲಕದಮ್ಮ. ಈ ಹೆಸರನ್ನು ಇಟ್ಟವರು ಮಧ್ಯಾಹ್ನದ ಸೆಕೆಗೆ ಏನೋ ನೆಪ ತೆಗೆದು ಆ ಕೋಣೆಗೆ ನುಗ್ಗಿ, "ಕೆಲಸ ಏನು?" ಅನ್ನಿಸಿಕೊಂಡು ಬೆವರುತ್ತ ವಾಪಸಾದವರು.

ಚಿಲಕದಮ್ಮ ಮೊದಲು ಬಂದದ್ದು ಬಿಲ್ ಟೈಪ್ ಮಾಡಲು. ಸರ್ವರ್ ಕೂರಿಸಲು ಬಂದ ಎಂಜಿನಿಯರನ್ನು ಪ್ರಶ್ನೆ ಕೇಳಿ ಕೇಳಿ ಹಣ್ಣುಗಾಯಿ ನೀರುಗಾಯಿ ಮಾಡಿದರು. ಆತ ಎಲ್ಲವನ್ನೂ ಕಲಿಸಿಕೊಟ್ಟು ಪಾರಾದ. ಅಂದಿನಿಂದ ಯಾವ ಫೋಲ್ಡರನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದು ಅವರ ಕೈಯಲ್ಲಿ. ಅವರ ಮನೆಯ ಕಥೆ ಬೇರೆ. ಅಲ್ಲಿ ಬೀರುವಿನ ಬೀಗದಕೈ ಇರುವುದು ಅತ್ತೆಯ ಸೊಂಟದಲ್ಲಿ. ಒಂದು ಸೀರೆ ಬೇಕಾದರೂ ಇವರು ಕೇಳಿಯೇ ಪಡೆಯಬೇಕು.

ಈಚೆಗೆ ಒಂದು ದೊಡ್ಡ ಹೋಟೆಲಿಗೆ ನಾವು ಕೊಡಬೇಕೆಂದಿದ್ದ ದರ ಹೇಗೋ ಹೊರಬಿತ್ತು. ಎದುರಂಗಡಿಯವನು ಕೂದಲೆಳೆಯಷ್ಟು ಕಡಿಮೆ ಬರೆದು ಆರ್ಡರ್ ಹೊಡೆದುಕೊಂಡ. ತಮ್ಮನ ಕಣ್ಣು ಗೋದಾಮಿನ ಗುಮಾಸ್ತನ ಮೇಲೆ ಬಿತ್ತು. ಕಾರಣ, ಆತ ಎದುರುತ್ತರ ಕೊಡುತ್ತಾನೆ. ಆ ಲೆಕ್ಕಕ್ಕೆ ನನ್ನ ಹೆಂಡತಿಯೂ ದರ ಕದ್ದಿರಬೇಕು.

ದರದ ಫೋಲ್ಡರ್ ತೆರೆಯಲು ಗುಮಾಸ್ತನಿಗೆ ಹಕ್ಕಿದೆ ಎಂದು ಬರೆದು ಸಹಿ ಹಾಕಿ ಕೊಡಿ, ಇವತ್ತೇ ಅವನನ್ನು ಮನೆಗೆ ಕಳಿಸುತ್ತೇನೆ ಎಂದು ತಮ್ಮ ಚಿಲಕದಮ್ಮನಿಗೆ ಹೇಳಿದ. ಅವರು ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಅದು ಫೋಲ್ಡರಿನಿಂದ ಫೋಲ್ಡರಿಗೆ ಬಾಗಿಲು ತಟ್ಟುತ್ತ, ಇಲ್ಲಿ ಯಾರಿಗೆ ಪ್ರವೇಶ, ಯಾರಿಗೆ ಏನು ಹಕ್ಕು ಎಂದು ವಿಚಾರಿಸಿ ಬರೆದುಕೊಳ್ಳುತ್ತದೆ. 'ಮಾರಾಟದವರು' ಎಂಬಂಥ ಗುಂಪು ಸಿಕ್ಕರೆ ಅದನ್ನು ಬಿಡಿಸಿ ಒಳಗಿರುವ ಒಬ್ಬೊಬ್ಬರನ್ನೂ ಹೊರಗೆಳೆಯುತ್ತದೆ. ನಾವು ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಪ್ರಿಂಟರ್ ಕಾಗದ ಉಗುಳತೊಡಗಿತ್ತು.

ದರದ ಫೋಲ್ಡರಿನ ಕೆಳಗೆ ಗುಮಾಸ್ತನ ಹೆಸರಿತ್ತು. ತಮ್ಮನ ಮುಖ ಅರಳಿತು. ಆಮೇಲೆ ಉಳಿದದ್ದನ್ನೂ ಓದಿದ. ನಾನಿದ್ದೆ, ಅವನಿದ್ದ, ಅವನ ಬಾಮೈದನಿದ್ದ, ಬಿಲ್ ಬರೆಯುವವರಿದ್ದರು, ಎಂದೋ ಕೆಲಸ ಬಿಟ್ಟುಹೋದ ಡ್ರೈವರನೂ ಇದ್ದ. ಎಲ್ಲರಿಗಿಂತ ಮೇಲೆ ಚಿಲಕದಮ್ಮ. ಇಡೀ ಅಂಗಡಿ ಆ ಫೋಲ್ಡರಿನೊಳಗೆ ಚಾಪೆ ಹಾಸಿಕೊಂಡಂತಿತ್ತು.

ಇದು ಹೇಗೆ ಎಂದು ತಮ್ಮ ಕೇಳಿದ.

"ಹೋದ ವರ್ಷ ಸ್ಟಾಕ್ ಎಣಿಸುವಾಗ ನಿಮ್ಮ ಫೈಲ್ ತೆರೀಲಿಲ್ಲ, ಸರ್. ಎಲ್ಲಾ ಫೋಲ್ಡರೂ ಎಲ್ಲರಿಗೂ ತೆರೆದಿಡಿ, ತಲೆನೋವು ಬೇಡ ಅಂದ್ರಿ. ನಾನು ಬೇಡ ಅಂದೆ. ಹೇಳಿದಷ್ಟು ಮಾಡಿ ಅಂತ ನೀವು ಅಂದ್ರಿ."

ಹಾಗಾದರೆ ನಿಜವಾಗಿ ತೆರೆದವರು ಯಾರೆಂಬ ದಾಖಲೆಯಾದರೂ ಇದೆಯೇ ಎಂದು ನಾನು ವಿಚಾರಿಸಿದೆ. ಅದನ್ನಿಡಲು ಇನ್ನೊಂದು ಡಿಸ್ಕ್ ಬೇಕೆಂದು ಅವರು ಕೇಳಿದ್ದರಂತೆ, ಮುಂದಿನ ತಿಂಗಳು ನೋಡೋಣ ಎಂದು ನಾವಿಬ್ಬರೂ ಹೇಳಿದ್ದೆವಂತೆ. ಹೇಳಿರುತ್ತೇವೆ, ನಾವು ಹಾಗೆ ಹೇಳುವವರೇ.

ಗುಮಾಸ್ತನ ಸಾಲೊಂದನ್ನು ಉಳಿಸಿ, ಮಿಕ್ಕದ್ದನ್ನು ತೆಗೆದುಹಾಕಿ, ಸಹಿ ಮಾಡಿ ಎಂದ ತಮ್ಮ. ಗುಮಾಸ್ತ ಬಾಗಿಲ ಹೊರಗೇ ನಿಂತಿದ್ದ. ಆವತ್ತು ಮಾತ್ರ ಅವನ ಬಾಯಿಗೆ ಉತ್ತರ ಬರಲಿಲ್ಲ.

"ಬಾಗಿಲು ಯಾರು ತೆಗೀಬಹುದು ಅಂತ ಈ ಪಟ್ಟಿ ಹೇಳುತ್ತೆ, ಯಾರು ತೆಗೆದ್ರು ಅಂತ ಹೇಳಲ್ಲ," ಎಂದರು ಚಿಲಕದಮ್ಮ. "ಕೀ ಇದ್ದೋರೆಲ್ಲ ಕಳ್ಳರಾದ್ರೆ ಮೊದಲು ನಮ್ಮತ್ತೇನ ಹಿಡಿಸಬೇಕು. ಪೂರ್ತಿ ಪಟ್ಟಿಗೆ ಬೇಕಾದ್ರೆ ಹತ್ತು ಸಹಿ ಹಾಕ್ತೀನಿ. ಕತ್ತರಿಸಿದ್ದಕ್ಕೆ ಒಂದೂ ಇಲ್ಲ."

"ಹಾಗಾದ್ರೆ ಅವನ ಜೊತೆ ನೀವೂ ಮನೆಗೆ ಹೊರಡಿ," ಎಂದ ತಮ್ಮ.

ಅವರು ಪ್ರತಿ ಹಾಳೆಗೂ ಸಹಿ ಹಾಕಿ ಕಟ್ಟನ್ನು ತಮ್ಮನ ಮುಂದಿಟ್ಟರು. ಸ್ವೆಟರ್ ಬಿಚ್ಚಿ, ಮಡಚಿ, ಚೀಲಕ್ಕೆ ತುರುಕಿದರು. ಅಷ್ಟು ವರ್ಷಗಳಲ್ಲಿ ಅವರನ್ನು ಸ್ವೆಟರ್ ಇಲ್ಲದೆ ನಾನು ನೋಡಿದ್ದು ಅದೇ ಮೊದಲು, ಗಾಬರಿಯಾಯಿತು. ನಾನು ವ್ಯಾಪಾರಿ. ಗುಮಾಸ್ತ ಹೋದರೆ ಗೋದಾಮು ತಡಕಾಡುತ್ತದೆ, ಇವರು ಹೋದರೆ ಇಡೀ ಅಂಗಡಿಗೇ ಕಣ್ಣಿರುವುದಿಲ್ಲ. ಇಬ್ಬರನ್ನೂ ಕಳೆದುಕೊಳ್ಳುವುದು ಯಾವ ಸೀಮೆಯ ವ್ಯಾಪಾರ?

"ಸ್ವೆಟರ್ ಹಾಕ್ಕೊಳ್ಳಿ ಅಮ್ಮ, ಒಳಗೆ ಚಳಿ ಇದೆ," ಎಂದೆ.

ಹಾಕಿಕೊಳ್ಳಲಿಲ್ಲ. ಗುಮಾಸ್ತ ಇರುತ್ತಾನೆ ಎಂದು ಮೊದಲು ನನ್ನ ಬಾಯಿಂದ ಹೇಳಿಸಿದರು. ಆ ಫೋಲ್ಡರಿನ ಹಕ್ಕು ಎಲ್ಲರಿಂದಲೂ ಹೋಗಬೇಕು, ಬೇಕಾದವರು ಬಂದು ಕಾರಣ ಹೇಳಿ ಪಡೆಯಬೇಕು ಎಂದರು. "ನಿಮ್ಮದೂ ಸೇರಿ, ಸರ್." ನಾನು ತಲೆಯಾಡಿಸಿದ ಮೇಲೆಯೇ ಸ್ವೆಟರ್ ಚೀಲದಿಂದ ಹೊರಬಂತು.

ದರ ಕದ್ದವರು ಯಾರೋ ಇಂದಿಗೂ ಗೊತ್ತಾಗಿಲ್ಲ. ಹೊಸ ಡಿಸ್ಕ್ ಬಂದಿದೆ. ಗುಮಾಸ್ತ ಮತ್ತೆ ಎದುರುತ್ತರ ಶುರುಮಾಡಿದ್ದಾನೆ. ಈಗ ನನ್ನ ದರವನ್ನು ನಾನೇ ನೋಡಬೇಕಾದರೂ ಗೂಡಿನ ಬಾಗಿಲಲ್ಲಿ ನಿಂತು ಯಾಕೆಂದು ಹೇಳಬೇಕು. ಮೊನ್ನೆ ತಮ್ಮ ಹೋಗಿದ್ದ.

"ನೋಡೋಕೆ ಕೊಡ್ತೀನಿ, ತಿದ್ದೋಕೆ ಕೊಡ್ತೀನಿ," ಎಂದರಂತೆ. "ಅಳಿಸೋಕೆ ಯಾಕೆ ಬೇಕು?"

ಅವನು ಇನ್ನೂ ಯೋಚಿಸುತ್ತಿದ್ದಾನೆ.